ಕೊನೆ ಕಂತು ಕೊಡೋ ಮುಂಚೆ

ಮನೆ ರಿಪೇರಿಗೆ ಕೊಟ್ಟ ದುಡ್ಡು, ಕೆಲಸ ಕೆಟ್ಟರೆ ವಾಪಸ್ ಬರಲ್ಲ. ಇದು ನಮ್ಮ ಮನೆಗಳಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿರುವ ಮಾತು. 'ಹೋಗ್ಲಿ ಬಿಡಿ, ಇನ್ನೊಬ್ಬರನ್ನ ಕರೆಸೋಣ' ಅಂತ ಹೇಳಿ ಅದೇ ಗೋಡೆಗೆ ಎರಡನೇ ಸಲ ದುಡ್ಡು ಸುರಿಯುತ್ತಾರೆ. ಈ ಮಾತು ತಪ್ಪು ಅನ್ನೋದು ನನ್ನ ವಾದ. ಕಾನೂನು ಇದೆ, ದಾರಿಯೂ ಇದೆ. ಇಲ್ಲದಿರೋದು ಕಾಗದ. ಆ ಕಾಗದ ಮಾಡಿಕೊಡಬೇಕಾದವರು ನಾಳೆ ಎಂಜಿನಿಯರ್ ಅಂತ ಬೋರ್ಡ್ ಹಾಕಿಕೊಳ್ಳುವ ನಾವು.

ಮೈಸೂರಿನ ಲಕ್ಷ್ಮೀಪುರಂ, ಅಗ್ರಹಾರ, ಚಾಮರಾಜಪುರಂ ಕಡೆ ಹೋಗಿ ನೋಡಿ. ಮಂಗಳೂರು ಹೆಂಚು, ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ ಇರುವ ಹಳೇ ಮನೆಗಳು ಇನ್ನೂ ಉಳಿದಿವೆ. ಮರದ ತೊಲೆ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಕಟ್ಟಡಗಳವು. ಸುಣ್ಣದ ಗೋಡೆ ತೇವ ಹೀರುತ್ತೆ, ಹೊರಗೂ ಬಿಡುತ್ತೆ. ಅದರ ಮೇಲೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಆಮೇಲೆ ಬಣ್ಣ ಉಬ್ಬುತ್ತೆ, ಉಪ್ಪು ಹೊರಬರುತ್ತೆ, ಪ್ಲಾಸ್ಟರ್ ಕಳಚಿಕೊಳ್ಳುತ್ತೆ, ತೊಲೆಯ ತುದಿ ಕೊಳೆಯಲು ಶುರುವಾಗುತ್ತೆ. ಹಳೇ ಕಟ್ಟಡಕ್ಕೆ ಕೈಹಾಕುವುದು ಹುಡುಗಾಟವಲ್ಲ ಅನ್ನೋದನ್ನ ಈ ಊರಿಗೆ ಹೇಳಿಕೊಡಬೇಕಾಗಿಲ್ಲ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದು ದುರಸ್ತಿ ನಡೆಯುತ್ತಿದ್ದ ಹೊತ್ತಿನಲ್ಲೇ.

ಲಕ್ಷ್ಮೀಪುರಂನಲ್ಲಿ ನನಗೆ ಗೊತ್ತಿರುವ ಒಂದು ಮನೆಯಲ್ಲಿ ಆದದ್ದೂ ಇದೇ. ನಿವೃತ್ತ ಮೇಷ್ಟ್ರು, ಪಿಎಫ್ ದುಡ್ಡು, ತಾರಸಿಗೆ ವಾಟರ್‌ಪ್ರೂಫಿಂಗ್, ಒಳಗೆಲ್ಲ ಹೊಸ ಪ್ಲಾಸ್ಟರ್. ಮೊದಲ ಮಳೆಗೇ ದೇವರ ಮನೆ ಸೋರಿತು. ಕಂಟ್ರಾಕ್ಟರನ ಉತ್ತರ: 'ಹಳೇ ಮನೆ ಅಲ್ವಾ ಸಾರ್, ಸೋರದೆ ಇರುತ್ತಾ?' ಆಮೇಲೆ ಫೋನ್ ಎತ್ತಲಿಲ್ಲ. ಮೇಷ್ಟ್ರ ಹತ್ತಿರ ಇದ್ದದ್ದು ಒಂದು ವಿಸಿಟಿಂಗ್ ಕಾರ್ಡ್ ಮತ್ತು ಡೈರಿಯಲ್ಲಿ ಬರೆದ ನಾಲ್ಕು ಮೊತ್ತಗಳು.

ಇಂಥವರು ಮೊದಲು ಹೋಗುವುದು ಪೊಲೀಸ್ ಸ್ಟೇಷನ್ನಿಗೆ. 'ಇದು ಸಿವಿಲ್ ಮ್ಯಾಟರ್' ಅಂತ ಅಲ್ಲಿ ವಾಪಸ್ ಕಳಿಸುತ್ತಾರೆ. ಬಹಳಷ್ಟು ಸಲ ಅವರು ಹೇಳೋದು ಸರಿಯೇ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಲಾಗದಿದ್ದರೆ, ಕೆಟ್ಟ ಕೆಲಸ ಒಪ್ಪಂದದ ಉಲ್ಲಂಘನೆಯೇ ಹೊರತು ವಂಚನೆಯ ಅಪರಾಧ ಆಗಲ್ಲ. ಇನ್ನು ಕೆಲವರು ರೇರಾ ಅಂತಾರೆ. ರೇರಾ ಇರುವುದು ಲೇಔಟ್, ಅಪಾರ್ಟ್‌ಮೆಂಟ್ ಪ್ರಾಜೆಕ್ಟ್‌ಗಳಿಗೆ. ಸ್ವಂತ ಮನೆಯ ತಾರಸಿ ರಿಪೇರಿ ಅದರೊಳಗೆ ಬರಲ್ಲ.

ಸರಿಯಾದ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದೂ 'ಸೇವೆ'ಯೇ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಈಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಕಂಟ್ರಾಕ್ಟರ್ ಯಾವ ಊರಿನವನಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಆದರೆ ಎರಡು ವರ್ಷದೊಳಗೆ ಹೋಗಬೇಕು. 'ಮುಂದಿನ ಮಳೆಗಾಲ ನೋಡೋಣ' ಅಂತ ಮುಂದೂಡುವವರು ಕೈಬಿಡುವುದು ಇಲ್ಲೇ. ಆಯೋಗಕ್ಕೆ ಹೋಗುವ ಮುಂಚೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು.

ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ಮೇಲೆ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ನಿಜದಲ್ಲಿ ಅಷ್ಟು ಬೇಗ ಮುಗಿಯುತ್ತೆ ಅಂತ ನಂಬಿಕೊಂಡು ಹೋಗಬೇಡಿ. ಆದರೆ ಆದೇಶ ಬಂದಮೇಲೆ ಅದಕ್ಕೆ ಹಲ್ಲಿದೆ. ಪಾಲಿಸದವರಿಗೆ ಮೂರು ವರ್ಷದವರೆಗೆ ಜೈಲು ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಇಷ್ಟೆಲ್ಲ ಇದ್ದರೂ ಜನ ಸೋಲುವುದು ಯಾಕೆ? ಆಯೋಗ ಕೇಳುವುದು ಮೂರೇ ಪ್ರಶ್ನೆ. ಏನು ಮಾಡಿಕೊಡ್ತೀನಿ ಅಂದಿದ್ದ? ಎಷ್ಟು ಕೊಟ್ರಿ? ಕೆಲಸ ಕೆಟ್ಟದ್ದು ಅವನ ತಪ್ಪಿಂದಲೇ ಅಂತ ಹೇಗೆ ಗೊತ್ತು? ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆ ಇದೆ, ಆದರೆ ಅದನ್ನ ಸಾಬೀತು ಮಾಡುವಷ್ಟರಲ್ಲಿ ಸಾಕಾಗಿಹೋಗುತ್ತೆ. ಯುಪಿಐ ಸ್ಟೇಟ್‌ಮೆಂಟ್, ವಾಟ್ಸ್ಆಪ್ ಮಾತುಕತೆ, ದಿನಾಂಕ ಇರುವ ಫೋಟೋ, ಸಿಮೆಂಟಿನ ಬಿಲ್ ಎಲ್ಲವೂ ಕೆಲಸಕ್ಕೆ ಬರುತ್ತವೆ. ಹಾಗಾಗಿ ಫೋನ್ ಬದಲಾಯಿಸುವಾಗ ಚಾಟ್ ಅಳಿಸಬೇಡಿ ಅಂತ ಮನೆಯಲ್ಲಿ ಹೇಳಿ.

ಮೂರನೇ ಪ್ರಶ್ನೆಗೆ ಉತ್ತರ ನಮ್ಮ ಸಿಲಬಸ್ಸಿನಲ್ಲೇ ಇದೆ. ತಾರಸಿಗೆ ಇಳಿಜಾರು ನೂರಕ್ಕೆ ಒಂದು ಅಂದರೆ ಮೂರು ಮೀಟರಿಗೆ ಮೂರು ಸೆಂಟಿಮೀಟರ್. ಒಂದು ನೀರಿನ ಪೈಪ್ ಮಟ್ಟ ಇದ್ದರೆ ಅಳೆಯಬಹುದು. ನೀರು ಕಟ್ಟಿ ಎರಡು ದಿನ ನಿಲ್ಲಿಸಿದರೆ ವಾಟರ್‌ಪ್ರೂಫಿಂಗ್ ನಿಂತಿದೆಯೋ ಇಲ್ಲವೋ ಗೊತ್ತಾಗುತ್ತೆ. (ಮದ್ರಾಸ್ ತಾರಸಿಯಾದರೆ ತೊಲೆಗಳ ಸ್ಥಿತಿ ನೋಡದೆ ನೀರು ಕಟ್ಟುವ ಸಾಹಸ ಬೇಡ.) ಕಾಂಕ್ರೀಟಿಗೆ ಕನಿಷ್ಠ ಏಳು ದಿನ ಕ್ಯೂರಿಂಗ್ ಬೇಕು ಅಂತ ಐಎಸ್ 456 ಹೇಳುತ್ತೆ, ಎರಡೇ ದಿನಕ್ಕೆ ಗೋಣಿಚೀಲ ತೆಗೆದ ಫೋಟೋ ಇದ್ದರೆ ಅದೇ ಸಾಕ್ಷಿ. ಪ್ಲಾಸ್ಟರ್ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆಯೆಲ್ಲ ಚಾಕ್‌ಪೀಸಲ್ಲಿ ಗುರುತು ಮಾಡಿ ಅಳೆಯಬಹುದು. ವಿದ್ಯಾರ್ಥಿ ಬರೆದ ವರದಿಗೆ ತಜ್ಞರ ತೂಕ ಬರಲ್ಲ, ನಿಜ. ಆದರೆ ಅನುಭವಿ ಎಂಜಿನಿಯರ್ ಸಹಿ ಹಾಕಲು ಬೇಕಾದ ಅಳತೆ, ನಕ್ಷೆ, ಫೋಟೋ ನಾವು ತಯಾರಿಸಬಹುದು. ಅದೂ ಒಡೆದು ಹೊಸದು ಮಾಡಿಸುವುದಕ್ಕಿಂತ ಮುಂಚೆ. ಒಡೆದ ಮೇಲೆ ಸಾಕ್ಷಿ ಡೆಬ್ರಿಸ್ ಜೊತೆ ಟ್ರ್ಯಾಕ್ಟರ್ ಹತ್ತಿ ಹೋಗುತ್ತೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ದುಡ್ಡು ವಾಪಸ್ ಪಡೆಯುವ ಅತ್ಯಂತ ಸುಲಭ ದಾರಿ ಪೂರ್ತಿ ಕೊಡದಿರುವುದು. ಸರ್ಕಾರಿ ಕಾಮಗಾರಿಗಳಲ್ಲಿ ಬಿಲ್ಲಿನ ಒಂದು ಭಾಗ ಹಿಡಿದಿಟ್ಟು, ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಬಿಡುಗಡೆ ಮಾಡುತ್ತಾರೆ. ಇದನ್ನ ಪರೀಕ್ಷೆಗೆ ಓದ್ತೀವಿ, ನಮ್ಮ ಮನೆಗೆ ಮಾತ್ರ ಅನ್ವಯಿಸಲ್ಲ. ನೂರಕ್ಕೆ ಹತ್ತು ಹಿಡಿದಿಡಿ, ಒಂದು ಮಳೆಗಾಲ ಕಳೆದ ಮೇಲೆ ಕೊಡ್ತೀವಿ ಅಂತ ಮೊದಲೇ ಬರೆದಿಡಿ.

'ಪಾಪ, ಮೇಸ್ತ್ರಿ ಹೊಟ್ಟೆ ಮೇಲೆ ಹೊಡೀತೀರಾ?' ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಒಳ್ಳೇ ಕೆಲಸ ಮಾಡಿದವರಿಗೂ ನೆಪ ತೆಗೆದು ಕೊನೆ ಕಂತು ಮುರಿಯುವ ಮನೆ ಮಾಲೀಕರು ಬೇಕಾದಷ್ಟಿದ್ದಾರೆ. ಅದಕ್ಕೇ ಕಾಗದ ಬೇಕು ಅನ್ನೋದು. ಏನು ಕೆಲಸ, ಯಾವ ಸಾಮಾನು, ಯಾವ ಹಂತಕ್ಕೆ ಎಷ್ಟು, ಯಾವಾಗ ಕೊನೆ ಕಂತು ಅಂತ ಬರೆದರೆ ಅದು ಇಬ್ಬರನ್ನೂ ಕಾಯುತ್ತೆ. ಸಾಮಾನು ಮಾಲೀಕರದು, ದಿನಗೂಲಿ ಲೆಕ್ಕ ಅಂತಾದರೆ ಸೋರಿಕೆಗೆ ಮೇಸ್ತ್ರಿಯೊಬ್ಬನನ್ನೇ ಹೊಣೆ ಮಾಡುವುದು ನ್ಯಾಯವೂ ಅಲ್ಲ, ಸುಲಭವೂ ಅಲ್ಲ.

ಹಾಗಾಗಿ ನನ್ನದು ಎರಡು ಬೇಡಿಕೆ. ಒಂದು, ಸಿವಿಲ್ ವಿಭಾಗದವರು ವರ್ಷಕ್ಕೆ ಒಂದೆರಡು ಶನಿವಾರ ಲ್ಯಾಬ್ ಬಾಗಿಲು ಊರಿನವರಿಗೆ ತೆರೆಯಲಿ; ಮೇಷ್ಟ್ರ ಮಾರ್ಗದರ್ಶನದಲ್ಲಿ ನಾವು ಅಳತೆ ಮಾಡಿಕೊಡೋಣ. ಎರಡು, ನಮ್ಮ ಕನ್ನಡ ಸಂಘ ಒಂದೇ ಪುಟದ ರಿಪೇರಿ ಒಪ್ಪಂದವನ್ನ ಸರಳ ಕನ್ನಡದಲ್ಲಿ ಬರೆಯಲಿ, ಅಜ್ಜಿಗೂ ಅರ್ಥ ಆಗಬೇಕು, ಮೇಸ್ತ್ರಿಗೂ ಅರ್ಥ ಆಗಬೇಕು. ಒಪ್ಪಂದ ಇಂಗ್ಲಿಷಿನಲ್ಲೇ ಇರಬೇಕು ಅಂತ ಯಾವ ಕಾನೂನೂ ಹೇಳಿಲ್ಲ. ರಾಜ್ಯೋತ್ಸವಕ್ಕೆ ಬಾವುಟ ಹಾರಿಸುವಷ್ಟೇ ಕನ್ನಡದ ಕೆಲಸ ಇದು. ಕರಡು ಬರೆಯಲು ಯಾರು ಬರ್ತೀರಿ, ಹೇಳಿ.