ಹುಡುಕುವವನೇ ಪಟ್ಟಿಯಲ್ಲಿ

ಕಾಸರಗೋಡು ಜಿಲ್ಲೆಯ ಸರಕಾರಿ ಕನ್ನಡ ಮಾಧ್ಯಮ ಪ್ರೌಢಶಾಲೆಗಳ ಗಣಕಯಂತ್ರಗಳು ಲಿನಕ್ಸ್ ಮೇಲೆ ನಡೆಯುತ್ತವೆ. ಕೇರಳದಲ್ಲಿ ‘ಐಟಿ ಅಟ್ ಸ್ಕೂಲ್’ ಎಂದು ಶುರುವಾಗಿ 2017ರಲ್ಲಿ ‘ಕೈಟ್’ ಎಂದು ಹೆಸರು ಬದಲಿಸಿದ ಸಂಸ್ಥೆ ಅದನ್ನು ಶಾಲೆಗಳಿಗೆ ಒದಗಿಸುತ್ತದೆ. ಯೂನಿಕ್ಸ್ ವಂಶದ ಈ ವ್ಯವಸ್ಥೆಗೆ ದುಡ್ಡು ಕೊಡಬೇಕಿಲ್ಲ. ಹಾನಗಲ್ಲಿನಲ್ಲಾಗಲಿ ತಡಸದಲ್ಲಾಗಲಿ, ಹಳೆಯ ಗಣಕಯಂತ್ರವೊಂದು ಮನೆಯಲ್ಲಿದ್ದ ಹುಡುಗನೂ ಹಾಕಿಕೊಂಡು ನೋಡಬಹುದು.

ಅದರ ಕರಿಪರದೆಯಲ್ಲಿ ‘ಪಿಎಸ್ ಆಕ್ಸ್’ ಎಂಬ ಆಜ್ಞೆ ಕೊಟ್ಟರೆ, ಆ ಗಳಿಗೆಯಲ್ಲಿ ಯಂತ್ರದೊಳಗೆ ನಡೆಯುತ್ತಿರುವ ಕೆಲಸಗಳೆಲ್ಲ ಸಾಲುಸಾಲಾಗಿ ಇಳಿದುಬರುತ್ತವೆ. ಒಂದು ಕೆಲಸಕ್ಕೆ ಒಂದು ಸಾಲು: ಯಾರದು, ಅದರ ಸಂಖ್ಯೆ ಎಷ್ಟು, ಎಷ್ಟು ಸ್ಮೃತಿ ತಿಂದಿದೆ, ಕೊನೆಗೆ ಯಾವ ಆಜ್ಞೆಯಿಂದ ಹುಟ್ಟಿತು. ಸುಮ್ಮನಿರುವ ಯಂತ್ರದಲ್ಲೂ ಇನ್ನೂರು ಸಾಲು ಬಂದರೆ ಗಾಬರಿಯಾಗಬೇಕಿಲ್ಲ.

ತಡಸ ಕ್ರಾಸಿನಲ್ಲಿ ಮುಂಡಗೋಡದ ಬಸ್ಸಿಗೆ ಕಾಯುವವರು ಹುಬ್ಬಳ್ಳಿ ಕಡೆಯಿಂದ ಬರುವ ಪ್ರತಿ ಬಸ್ಸಿನ ಬೋರ್ಡನ್ನೂ ಪೂರ್ತಿ ಓದುವುದಿಲ್ಲ. ‘ಮುಂಡಗೋಡ’ ಎಂಬ ಒಂದು ಶಬ್ದ ಕಂಡರೆ ಚೀಲ ಎತ್ತಿಕೊಳ್ಳುತ್ತಾರೆ. ‘ಗ್ರೆಪ್’ ಮಾಡುವುದೂ ಇದೇ ಕೆಲಸ: ಹೇಳಿದ ಶಬ್ದವಿರುವ ಸಾಲನ್ನು ಹಿಡಿದು, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಪಿಎಸ್ ಕೊಟ್ಟ ಪಟ್ಟಿಯನ್ನು ಗ್ರೆಪ್‌ಗೆ ಹಾಯಿಸಲು ನಡುವೆ ಒಂದು ನೆಟ್ಟಗೆರೆ ಎಳೆದರೆ ಸಾಕು. ತೋಟದ ನೀರಿನ ಪೈಪಿನಂತೆ ಪ್ರೋಗ್ರಾಂಗಳನ್ನು ಜೋಡಿಸುವಂತಿರಬೇಕು ಎಂದು ಅಮೆರಿಕದ ಬೆಲ್ ಲ್ಯಾಬ್ಸಿನ ಡಗ್ಲಸ್ ಮೆಕಿಲ್‌ರಾಯ್ 1964ರಲ್ಲೇ ಬರೆದಿಟ್ಟಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸಿಗೆ ತಂದರು. ಗ್ರೆಪ್ ಕೂಡ ಥಾಂಪ್ಸನ್ನರದೇ.

ಈಗ ‘ತಡಸ’ ಎಂಬ ಹೆಸರಿನ ಪ್ರೋಗ್ರಾಂ ಒಂದಿದೆ, ರಾತ್ರಿಯಿಡೀ ಶಾಲೆಯ ಅಂಕಪಟ್ಟಿಗಳನ್ನು ನಕಲು ಮಾಡುತ್ತದೆ ಎನ್ನಿ. ‘ಪಿಎಸ್ ಆಕ್ಸ್ | ಗ್ರೆಪ್ ತಡಸ’ ಎಂದು ಕೇಳಿದರೆ ಎರಡು ಸಾಲು ಬರುತ್ತವೆ. ಒಂದು ತಡಸದ್ದು. ಇನ್ನೊಂದು? ‘ಗ್ರೆಪ್ ತಡಸ’ ಎಂಬ ಹುಡುಕಾಟದ್ದೇ! ಹೊಳೆ ದಾಟಿದ ಹತ್ತು ಮಂದಿ ತಮ್ಮನ್ನು ಬಿಟ್ಟು ಒಂಬತ್ತೇ ಎಣಿಸಿ ಅತ್ತ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಅದರ ತಿರುವುಮುರುವು. ಗೆರೆಯ ಎಡಬಲದ ಎರಡೂ ಪ್ರೋಗ್ರಾಂಗಳು ಒಟ್ಟಿಗೇ ಹೊರಡುವುದರಿಂದ ಪಿಎಸ್ ಪಟ್ಟಿ ಬರೆಯುವಾಗ ಗ್ರೆಪ್ ಆಗಲೇ ಬಂದು ನಿಂತಿರುತ್ತದೆ, ಅದರ ಆಜ್ಞೆಯಲ್ಲೂ ‘ತಡಸ’ ಎಂಬ ಶಬ್ದವಿದೆ. ಒಮ್ಮೊಮ್ಮೆ ಪಿಎಸ್ ಒಂದು ಕ್ಷಣ ಮುಂದಾದರೆ ಆ ಸಾಲು ಕಾಣುವುದೇ ಇಲ್ಲ. ಹೊಸಬರ ತಲೆ ಕೆಡುವುದು ಇಲ್ಲಿಯೇ.

ಕಣ್ಣಿಟ್ಟು ನೋಡುವವರಿಗೆ ಇದು ತಮಾಷೆ. ಆದರೆ ತಡಸ ನಡೆಯುತ್ತಿದೆಯೇ ಎಂದು ಐದು ನಿಮಿಷಕ್ಕೊಮ್ಮೆ ನೋಡಲು ಕಾವಲು ಪ್ರೋಗ್ರಾಂ ಇಟ್ಟು, ಸಾಲು ಸಿಕ್ಕರೆ ‘ಕ್ಷೇಮ’ ಎಂದು ಬರೆದುಕೋ ಎಂದಿದ್ದರೆ? ತಡಸ ನಡುರಾತ್ರಿಯೇ ಸತ್ತಿರುತ್ತದೆ. ಕಾವಲುಗಾರ ತನ್ನ ನೆರಳನ್ನೇ ಕಂಡು ಬೆಳಗಿನವರೆಗೂ ‘ಕ್ಷೇಮ, ಕ್ಷೇಮ’ ಎನ್ನುತ್ತಿರುತ್ತಾನೆ. ಅಂಕಪಟ್ಟಿಯ ನಕಲು ಮಾತ್ರ ಇರುವುದಿಲ್ಲ.

‘ಗ್ರೆಪ್ -ವಿ ಗ್ರೆಪ್’ ಎಂದು ಬಾಲ ಹಚ್ಚಿ ಆ ಸಾಲನ್ನು ತೆಗೆದುಹಾಕುವುದು ಹಲವರ ರೂಢಿ. ಇದು ಅರೆ ಮದ್ದು. ಹೆಸರಿನಲ್ಲಿ ‘ಗ್ರೆಪ್’ ಎಂದಿರುವ ನಿಜವಾದ ಕೆಲಸವೂ ಅದರೊಂದಿಗೆ ಮಾಯವಾಗುತ್ತದೆ. ಚೊಕ್ಕ ಉಪಾಯ ಬೇರೆ ಇದೆ: ‘[ತ]ಡಸ’ ಎಂದು ಹುಡುಕುವುದು. ಗ್ರೆಪ್‌ನ ಭಾಷೆಯಲ್ಲಿ ಚೌಕ ಕಂಸದೊಳಗಿನ ಅಕ್ಷರಗಳೆಂದರೆ ‘ಇವುಗಳಲ್ಲಿ ಯಾವುದಾದರೊಂದು’. ಒಳಗೆ ಇರುವುದು ತ ಒಂದೇ ಆದ್ದರಿಂದ ಅರ್ಥ ಬದಲಾಗದು, ತಡಸ ಸಿಗುತ್ತದೆ. ಆದರೆ ಗ್ರೆಪ್‌ನ ಸ್ವಂತ ಸಾಲಿನಲ್ಲಿ ತ ಮತ್ತು ಡ ನಡುವೆ ಕಂಸ ಅಡ್ಡ ನಿಂತಿದೆ, ಅದು ತನ್ನ ಬಲೆಗೆ ತಾನು ಬೀಳುವುದಿಲ್ಲ. ಇಡೀ ಶಬ್ದಕ್ಕೆ ಉದ್ಧರಣ ಚಿಹ್ನೆ ಹಾಕುವುದನ್ನು ಮರೆಯಬಾರದು. ಮರೆತರೆ, ಅದೇ ಕೋಶದಲ್ಲಿ ‘ತಡಸ’ ಎಂಬ ಕಡತವಿದ್ದಾಗ ಶೆಲ್ ಕಂಸವನ್ನು ಬಿಡಿಸಿಯೇ ಗ್ರೆಪ್ ಕೈಗೆ ಕೊಡುತ್ತದೆ, ಉಪಾಯ ಕೆಟ್ಟಿತು.

ಇನ್ನೊಂದು ತೊಡಕಿದೆ. ಯಂತ್ರ ಬಳಸುವವನ ಹೆಸರೂ ‘ತಡಸ’ ಎಂದಿದ್ದರೆ ಅವನ ಕೆಲಸಗಳೆಲ್ಲ ಬಲೆಗೆ ಬೀಳುತ್ತವೆ, ಗ್ರೆಪ್‌ಗೆ ಕಾಲಮ್ಮುಗಳ ಗೊಡವೆ ಇಲ್ಲ. ಇಂಥಲ್ಲಿ ಸಾಲನ್ನು ಕಾಲಮ್ಮುಗಳಾಗಿ ಒಡೆದು ನೋಡುವ ‘ಆಕ್’ ಬೇಕು. ಅಥವಾ ಸನ್ ಕಂಪನಿಯ ಸೊಲಾರಿಸ್ 7ರ ಜತೆ 1998ರಲ್ಲಿ ಬಂದು ಈಗ ಲಿನಕ್ಸಿನಲ್ಲೂ ಇರುವ ‘ಪಿಗ್ರೆಪ್’. ಇದು ತನ್ನನ್ನು ತಾನು ಎಣಿಸಿಕೊಳ್ಳುವುದಿಲ್ಲ, ಸಾಮಾನ್ಯವಾಗಿ ಪ್ರೋಗ್ರಾಮಿನ ಹೆಸರನ್ನಷ್ಟೇ ನೋಡುತ್ತದೆ. ಸಿಕ್ಕ ಸಂಖ್ಯೆಯನ್ನು ‘ಕಿಲ್’ ಆಜ್ಞೆಗೆ ಕೊಟ್ಟು ಕೆಲಸ ನಿಲ್ಲಿಸುವವರು ಲಿನಕ್ಸಿನಲ್ಲಿ ಮೊದಲು ‘ಪಿಗ್ರೆಪ್ -ಎ’ ಕೊಟ್ಟರೆ ಸಂಖ್ಯೆಯ ಪಕ್ಕದಲ್ಲಿ ಪೂರ್ತಿ ಆಜ್ಞೆಯೂ ಕಾಣುತ್ತದೆ.