ಪರವಾನಗಿ ರದ್ದಾದರೆ ಪ್ರಾಣಿಗಳ ಗತಿ?

ನಿಯಮ ಮೀರಿದ ಉಪಾಹಾರ ಗೃಹದ ಪರವಾನಗಿಯನ್ನು ಅಮಾನತಿನಲ್ಲಿಟ್ಟರೆ ಬಾಗಿಲಿಗೆ ಬೀಗ ಬೀಳುತ್ತದೆ, ಅಷ್ಟೇ. ಒಳಗಿನ ಪಾತ್ರೆಗಳಿಗೆ ಹಸಿವಾಗುವುದಿಲ್ಲ. ನಾಯಿಮರಿ, ಗಿಳಿ, ಮೊಲಗಳನ್ನು ಮಾರುವ ಮಳಿಗೆಯ ಮೇಲೆ ಇದೇ ಕ್ರಮ ಜರುಗಿಸಿದರೆ ಬೀಗದ ಹಿಂದೆ ಉಳಿಯುವುದು ಜೀವಗಳು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಕಲಬುರಗಿಯಂಥ ನಗರದಲ್ಲಿ ನೀರಿಲ್ಲದ ಒಂದೇ ಮಧ್ಯಾಹ್ನ ಅವುಗಳ ಪಾಲಿಗೆ ಕೊನೆಯದಾಗಬಹುದು.

ಹಾಗೆಂದು ಪರವಾನಗಿ ರದ್ದುಪಡಿಸುವುದೇ ತಪ್ಪು ಎನ್ನಲಾಗದು. ವಾಸ್ತವವಾಗಿ ಹರಿತವಿರುವ ಅಸ್ತ್ರ ಅದೊಂದೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯು ಮೊದಲ ಬಾರಿಯ ಕ್ರೌರ್ಯಕ್ಕೆ ನಿಗದಿಪಡಿಸಿದ್ದು 10ರಿಂದ 50 ರೂಪಾಯಿ ದಂಡ. ಸಾವಿರಾರು ರೂಪಾಯಿಗೆ ಮರಿಯೊಂದನ್ನು ಮಾರುವ ವ್ಯಾಪಾರಿ ಇದಕ್ಕೆ ಅಂಜುವನೇ? ಆತ ಅಂಜುವುದು ಅಂಗಡಿ ಮುಚ್ಚೀತೆಂಬ ಭಯಕ್ಕೆ. ನಾಯಿ ತಳಿ ಸಂವರ್ಧಕರಿಗಾಗಿ 2017ರಲ್ಲಿ, ಸಾಕುಪ್ರಾಣಿ ಮಳಿಗೆಗಳಿಗಾಗಿ 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯನ್ನು ಕಡ್ಡಾಯಗೊಳಿಸಿವೆ. ಎಂಟು ವಾರ ತುಂಬದ ನಾಯಿಮರಿಯನ್ನು ಮಾರುವಂತಿಲ್ಲ. ಷರತ್ತು ಮೀರಿದರೆ ನೋಂದಣಿ ರದ್ದಾಗುತ್ತದೆ.

ವ್ಯಾಪಾರಿಗೂ ನ್ಯಾಯ ಸಿಗಬೇಕು, ನಿಜ. ಮೃಗಾಲಯದ ಮಾನ್ಯತೆಯನ್ನು ಅಮಾನತುಗೊಳಿಸುವ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಲೇಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವಿಧಿಸಿದೆ. ನಾಯಿಮರಿ ಮಾರುವವನಿಗೂ ನೋಟಿಸು, ತಿದ್ದಿಕೊಳ್ಳಲು ಕಾಲಾವಕಾಶ ಸಲ್ಲಬೇಕು. ಆದರೆ ಮಾತು ಬಾರದ ಮೂರನೆಯ ಕಕ್ಷಿದಾರನೊಬ್ಬನಿದ್ದಾನೆ ಎಂಬುದನ್ನು ಕಡತಗಳು ಮರೆಯಬಾರದು.

ಸರ್ಕಸ್ಸಿನ ಅನುಭವ ನಮ್ಮ ಮುಂದಿದೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಜ್ಞೆಯಿಂದಷ್ಟೇ ಪ್ರಾಣಿಗಳಿಗೆ ಬಿಡುಗಡೆ ದೊರೆಯಲಿಲ್ಲ. ಪಂಜರದಲ್ಲೇ ಹುಟ್ಟಿ ಬೆಳೆದ ಸಿಂಹವನ್ನು ಕಾಡಿಗೆ ಅಟ್ಟಲಾಗದು. ಬನ್ನೇರುಘಟ್ಟ ಸೇರಿದಂತೆ ಹಲವೆಡೆ ರಕ್ಷಣಾ ಕೇಂದ್ರಗಳು ಸಿದ್ಧವಾದ ಮೇಲೆಯೇ ಆ ನಿಷೇಧಕ್ಕೆ ಅರ್ಥ ಬಂದದ್ದು.

ಸಿಂಹಕ್ಕೆ ಸಲ್ಲುವ ಈ ವಿವೇಕ ಜಿಲ್ಲಾ ಮಟ್ಟದಲ್ಲಿ ಮೊಲಕ್ಕೂ ಸಲ್ಲಬೇಕು. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘವಿರಬೇಕು, ಪ್ರಾಣಿಗಳ ಚಿಕಿತ್ಸಾಲಯ ಮತ್ತು ಆಶ್ರಯತಾಣಕ್ಕೆ ಭೂಮಿ ಒದಗಿಸಬೇಕು ಎಂದು 2001ರ ನಿಯಮಗಳು ಹೇಳುತ್ತವೆ. ಕಲಬುರಗಿ ನಗರದೊಳಗೆ ಇಂಥದಕ್ಕೆ ಜಾಗ ಹುಡುಕುವುದು ಕಷ್ಟ. ಹುಮನಾಬಾದ್ ರಸ್ತೆಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಆ ಸೀಮೆಯಲ್ಲಿ ನೆರಳು, ನೀರು ಇರುವ ಕೆಲವು ಎಕರೆಗಳನ್ನು ಜಿಲ್ಲಾಡಳಿತ ಗುರುತಿಸಬಾರದೇಕೆ? ಅದೇ ದಾರಿ ಮುಂದುವರಿದರೆ ಬೀದರ್. ಅಲ್ಲಿಯ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ನೆರವು ತಪಾಸಣೆಗೂ ಚಿಕಿತ್ಸೆಗೂ ದೊರೆಯಬಹುದು. ನಗರಕ್ಕೂ ಹೊಸ ತಾಲ್ಲೂಕಿಗೂ ಒಂದೇ ಆಶ್ರಯತಾಣ ಸಾಕಾದೀತು.

ವೆಚ್ಚ ಯಾರದೆಂಬ ಪ್ರಶ್ನೆ ಸಹಜ. ಮೊಕದ್ದಮೆಯಲ್ಲಿ ವಶಪಡಿಸಿಕೊಂಡ ಪ್ರಾಣಿಗಳ ಪಾಲನೆಯ ಖರ್ಚನ್ನು ಮಾಲೀಕನಿಂದಲೇ ವಸೂಲು ಮಾಡಲು 2017ರ ಇನ್ನೊಂದು ನಿಯಮಾವಳಿ ಅವಕಾಶ ಕೊಟ್ಟಿದೆ. ಅದೇ ತತ್ವವನ್ನು ಪರವಾನಗಿಗೂ ಅನ್ವಯಿಸಿ, ಪರವಾನಗಿ ನೀಡುವಾಗಲೇ ಒಂದಿಷ್ಟು ಠೇವಣಿ ಇರಿಸಿಕೊಂಡರೆ ಬೊಕ್ಕಸಕ್ಕೆ ಹೊರೆಯಾಗದು.

ಇನ್ನು ಮುಂದೆ ಅಮಾನತು ಆದೇಶದ ಪ್ರತಿಯಲ್ಲೂ ಎರಡು ಸಾಲು ಹೆಚ್ಚಾಗಿ ಇರಲಿ: ಒಳಗಿರುವ ಪ್ರಾಣಿಗಳು ಎಷ್ಟು, ಅವು ಇಂದು ಸಂಜೆ ಎಲ್ಲಿಗೆ ಹೋಗುತ್ತವೆ. ಈ ಎರಡಕ್ಕೆ ಉತ್ತರ ಬರೆಯಲಾಗದ ಅಧಿಕಾರಿ ಬೀಗ ಹಾಕಲು ಆತುರಪಡಬಾರದು; ಉತ್ತರ ಸಿದ್ಧವಿರುವ ಅಧಿಕಾರಿ ಒಂದು ದಿನವೂ ತಡಮಾಡಬಾರದು.