ಒಂದೇ ಪೋರ್ಟಲ್, ಎರಡು ಕಾಯ್ದೆ
2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. 819 ಸೆಕ್ಷನ್‌ಗಳು 536ಕ್ಕೆ ಇಳಿದವೆಂಬುದೇ ಎಲ್ಲೆಡೆ ಸುದ್ದಿ. ಸಾಫ್ಟ್‌ವೇರ್ ಕೆಲಸದವರಿಗೆ ಕಾಣುವುದು ಬೇರೆ. 2025–26ರ ಆದಾಯದ ರಿಟರ್ನ್ 1961ರ ಕಾಯ್ದೆಯಡಿ, ಅದರ ಮುಂದಿನ ವರ್ಷದ್ದು ಹೊಸದರಡಿ. ಹಳೆಯ ವರ್ಷಗಳ ನೋಟಿಸು, ಮೇಲ್ಮನವಿ ಇನ್ನೂ ಹಲವು ವರ್ಷ ಹಳೆಯದರಲ್ಲೇ ನಡೆಯಬೇಕು. ಒಂದೇ ಪೋರ್ಟಲ್ ಎರಡು ಕಾನೂನು ಹೊರಬೇಕು.

ಈ ಪೋರ್ಟಲ್‌ನ ಪೂರ್ವಚರಿತ್ರೆ ಧೈರ್ಯ ಕೊಡುವಂಥದ್ದಲ್ಲ. 2021ರ ಜೂನ್ 1ರಿಂದ 6ರವರೆಗೆ ಹಳೆಯದನ್ನು ಮುಚ್ಚಿ, 7ರಂದು ಇನ್ಫೋಸಿಸ್ ಕಟ್ಟಿದ ಹೊಸದನ್ನು ತೆರೆದರು. ಮರುದಿನವೇ ಹಣಕಾಸು ಸಚಿವೆ ಟ್ವಿಟರ್‌ನಲ್ಲಿ ಕಂಪನಿಯನ್ನೂ ನಂದನ್ ನಿಲೇಕಣಿಯವರನ್ನೂ ಹೆಸರಿಸಿ ದೂರಿದರು. ಆಗಸ್ಟ್ 23ರಂದು ಸಿಇಒ ಸಲೀಲ್ ಪಾರೇಖ್ ದೆಹಲಿಗೆ ಹೋಗಿ ವಿವರಣೆ ಕೊಡಬೇಕಾಯಿತು. ಸೆಪ್ಟೆಂಬರ್ 30ರ ಗಡುವು ಡಿಸೆಂಬರ್ 31ಕ್ಕೆ ಹೋಯಿತು. ಎಲ್ಲರೂ ಬೈದದ್ದು ಕೋಡ್ ಬರೆದವರನ್ನು. ನನ್ನ ಪ್ರಕಾರ ದೊಡ್ಡ ತಪ್ಪು ಹಳೆಯದನ್ನು ಅಷ್ಟು ಬೇಗ ಮುಚ್ಚಿದ್ದು. ದೋಷವಿಲ್ಲದ ಕೋಡ್ ಎಲ್ಲೂ ಇಲ್ಲ. ದೋಷ ಕಂಡಾಗ ಹಿಂದಕ್ಕೆ ಬರಲು ದಾರಿ ಇರಬೇಕು.

ನಾನಿರುವ ಖಡಕಿಯಲ್ಲಿ 1869ರ ಮದ್ದುಗುಂಡು ಕಾರ್ಖಾನೆ ಇದೆ. ಆ ಕಸುಬಿನಲ್ಲಿ ಪ್ರತಿ ಲಾಟ್‌ನಿಂದ ಕೆಲವನ್ನು ಹಾರಿಸಿ ನೋಡದೆ ಲಾಟ್ ಹೊರಗೆ ಹೋಗುವುದಿಲ್ಲ. ಸೇನೆಯ ಮಾಲಿನ ಗುಣಮಟ್ಟ ನೋಡಲು ಡಿಜಿಕ್ಯೂಎ ಎಂಬ ಪ್ರತ್ಯೇಕ ಸಂಸ್ಥೆಯೇ ಇದೆ. ನಮ್ಮ ದೊಡ್ಡ ಪ್ರಾಜೆಕ್ಟ್‌ಗಳಲ್ಲೋ, ಬಿಡುಗಡೆಯ ತಾರೀಖಿಗೆ ಮಾತು ಕೊಟ್ಟ ಮ್ಯಾನೇಜರ್‌ಗೇ ಟೆಸ್ಟಿಂಗ್ ತಂಡವೂ ವರದಿ ಮಾಡುತ್ತದೆ. ‘ಇನ್ನೂ ಸಿದ್ಧವಾಗಿಲ್ಲ’ ಎನ್ನುವವರು ಯಾರು? ಅಗತ್ಯಗಳ ಪಟ್ಟಿ ತಡವಾಗಿ ಬಂದರೆ, ತಾರೀಖು ಕದಲದಿದ್ದರೆ, ಮೊದಲು ಕತ್ತರಿ ಬೀಳುವುದು ಟೆಸ್ಟಿಂಗ್‌ಗೇ.

2025ರಲ್ಲಿ ಸಿಬಿಡಿಟಿ ಒಂದು ಒಳ್ಳೆಯ ಕೆಲಸ ಮಾಡಿತು. ಫಾರಂಗಳು ಬಹಳ ಬದಲಾಗಿವೆ, ವ್ಯವಸ್ಥೆ ಸಿದ್ಧವಾಗಲು ಸಮಯ ಬೇಕು ಎಂದು ಮೇ ತಿಂಗಳಲ್ಲೇ ಒಪ್ಪಿಕೊಂಡು ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಒಯ್ದಿತು. ಆದರೂ ಕೊನೆಯ ರಾತ್ರಿ ಮತ್ತೊಂದು ದಿನ ಕೊಡಬೇಕಾಯಿತು. ಗಡುವು ತಪ್ಪಿದರೆ 5,000 ರೂಪಾಯಿವರೆಗೆ ಶುಲ್ಕ ಕಟ್ಟುವವರು ಪೋರ್ಟಲ್ ಕಟ್ಟಿದವರಲ್ಲ, ತೆರಿಗೆದಾರರು. ರಿಫಂಡ್‌ಗೆ ಕಾಯುವ ನಿವೃತ್ತರೂ ಅದರಲ್ಲಿದ್ದಾರೆ.

ಸಂಬಳದ ಟಿಡಿಎಸ್ ಏಪ್ರಿಲ್‌ನಿಂದಲೇ ಹೊಸ ಕಾಯ್ದೆಗೆ ಸೇರುತ್ತದೆ; ಅಲ್ಲಿ ಕಾಯಲು ಸಮಯವಿಲ್ಲ. 2026–27ರ ರಿಟರ್ನ್ ಸಲ್ಲಿಕೆ ಮಾತ್ರ 2027ರಲ್ಲಿ. ಅದರ ಫಾರಂಗಳನ್ನು ಈ ವರ್ಷವೇ ಅಂತಿಮಗೊಳಿಸಿ, ಮೊದಲು ಕೆಲವು ಸಾವಿರ ಸಂಬಳದಾರರಿಗೆ ತೆರೆದು ನೋಡಲಿ.